ಒಂದು ಊರು, ಹಲವು ರಾಜ್ಯ, ಐದು ಬುಷ್ಷು

ಕಾಮಾಕ್ಷಿಪಾಳ್ಯ, ಹೊರಡುವ ಬೆಳಿಗ್ಗೆ

ಮೂವತ್ತು ವರ್ಷ ನಾನು ಬೆಂಗಳೂರಿನ ವಿಜಯನಗರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವಳು. ಪಾಠ ಯಾವುದೇ ಇರಲಿ, ಕೊನೆಗೆ ಬೋರ್ಡಿನ ಮೇಲೆ ವೃತ್ತಗಳು ಬರುತ್ತಿದ್ದವು. ದೊಡ್ಡ ವೃತ್ತ ಟೋಕಿಯೊ. ಅದರ ಒಳಗೆ ತುಂಬಿದ ಸಣ್ಣ ವೃತ್ತಗಳು ನಮ್ಮ ರಾಜ್ಯಗಳು. "ನೋಡ್ರಪ್ಪಾ, ಆ ಒಂದೂರು ವರ್ಷಕ್ಕೆ ಮಾಡೋ ಉತ್ಪನ್ನದೊಳಗೆ ನಮ್ಮ ಎಷ್ಟು ರಾಜ್ಯ ಕಾಲು ಚಾಚ್ಕೊಂಡು ಮಲಗಬಹುದು!" ಎಂದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಹುಡುಗರು ನನಗೆ 'ಟೋಕಿಯೊ ಮೇಡಂ' ಎಂದೇ ಹೆಸರಿಟ್ಟಿದ್ದರು. ಟೋಕಿಯೊ ಮೇಡಂ ಟೋಕಿಯೊ ನೋಡಿರಲಿಲ್ಲ ಎಂಬುದು ಬೇರೆ ಮಾತು. ಅಲ್ಲಿಯ ತನಕ ವಿಮಾನ ಹತ್ತಿದ್ದು ಒಂದೇ ಸಲ, ದೆಹಲಿಯ ಸೆಮಿನಾರಿಗೆ. ಅದೂ ಮಧ್ಯದ ಸೀಟು.

ಕೊನೆಗೂ ನೋಡುವಂತಾದದ್ದು ನನ್ನ ಅರ್ಥಶಾಸ್ತ್ರದಿಂದಲ್ಲ, ಎಸ್ಸೆಸ್ಸೆಲ್ಸಿಗೇ ಪುಸ್ತಕ ಮಡಚಿಟ್ಟ ನನ್ನ ತಮ್ಮ ರುದ್ರೇಶನಿಂದ. ಕಾಮಾಕ್ಷಿಪಾಳ್ಯದ ಒಂದು ಸಂದಿಯಲ್ಲಿ ಅವನದು ಉಕ್ಕು ಕಡೆಯುವ ನಾಲ್ಕು ಲೇತಿನ ಶೆಡ್ಡು, ಆರು ಜನ ಕೆಲಸಗಾರರು. ದೊಡ್ಡ ಗಿರಾಕಿಯೊಬ್ಬರು ಕಾರ್ಖಾನೆಯನ್ನೇ ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋದ ಮೇಲೆ ಎರಡು ಲೇತುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿದ್ದಿತ್ತು. ಬೇರೆ ಕೆಲಸ ಸಿಗದಿದ್ದರೆ ಇಬ್ಬರನ್ನು ಮನೆಗೆ ಕಳಿಸದೆ ದಾರಿಯಿರಲಿಲ್ಲ. ಯಾರು ಆ ಇಬ್ಬರು ಎಂದು ಅವನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಒಬ್ಬರು ಗಂಗಣ್ಣ ಎಂದು ನನಗೆ ಗೊತ್ತಿತ್ತು. ಗಂಗಣ್ಣ ನಮ್ಮಪ್ಪನ ಕಾಲದವರು. ಕಣ್ಣು ಮಂಜಾದ ಮೇಲೆ ಲೇತು ಬಿಟ್ಟು, ತಯಾರಾದ ಪೀಸುಗಳಿಗೆ ಎಣ್ಣೆ ಹಚ್ಚಿ ಪ್ಯಾಕ್ ಮಾಡುವ ಕೆಲಸದಲ್ಲಿದ್ದರು.

ಅಂಥ ಹೊತ್ತಿನಲ್ಲಿ ಪೀಣ್ಯದ ಡೀಲರೊಬ್ಬರ ಮೂಲಕ ಟೋಕಿಯೊದಿಂದ ಒಂದು ಎನ್‌ಕ್ವೈರಿ ಬಂತು. ಬೇಕಾಗಿದ್ದದ್ದು ಬುಷ್ಷು. ಕಿರುಬೆರಳ ತುದಿಯಷ್ಟು ಉದ್ದದ ಉಕ್ಕಿನ ಕೊಳವೆ ಅದು, ಹೊರಮೈ ಸುತ್ತ ಉಂಗುರದ ಗುರುತಿನ ಹಾಗೆ ಕೊರೆದ ಒಂದು ಸಣ್ಣ ಗ್ರೂವು. ಬಿಸ್ಕತ್ತು ಪ್ಯಾಕ್ ಮಾಡುವ ಯಂತ್ರಕ್ಕೆ ಹಾಕುತ್ತಾರಂತೆ. ಅಲ್ಲಿಯ ಯಜಮಾನರು ಓನೋ ಎಂಬ ಹಿರಿಯರು, ಹಟಮಾರಿ. ಫೋಟೊ ನೋಡಿ ಆರ್ಡರ್ ಕೊಡುವ ಪೈಕಿ ಅಲ್ಲ. ಮಾಡಿದವನೇ ಐದು ಪೀಸು ಹಿಡಿದುಕೊಂಡು ಎದುರು ಬಂದು ನಿಲ್ಲಬೇಕು ಎಂದರು. ರುದ್ರೇಶನ ಇಂಗ್ಲಿಷು 'ಎಸ್ ಸಾರ್, ಟುಮಾರೋ ಸಾರ್' ದಾಟುವುದಿಲ್ಲ. ಅವನ ಹೆಂಡತಿಗೆ ಲಿಫ್ಟ್ ಹತ್ತಿದರೇ ತಲೆ ಸುತ್ತುತ್ತದೆ. ಹಾಗಾಗಿ ದುಬಾಷಿಯ ಪಟ್ಟ ನನಗೆ ಬಂತು. ನಾನು ಒಲ್ಲೆ ಅನ್ನುವ ನಾಟಕವನ್ನೂ ಆಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಗಂಗಣ್ಣ ಪ್ಯಾಕೆಟ್ ತಂದುಕೊಟ್ಟರು. ಐದು ಬುಷ್ಷು, ಎಣ್ಣೆ ಸವರಿ, ಎಣ್ಣೆಕಾಗದ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ. ರುದ್ರೇಶ ಅದನ್ನು ನಡುಮನೆಯ ಟೀಪಾಯಿ ಮೇಲಿಟ್ಟು, "ಅಕ್ಕಾ, ಇದನ್ನ ಯಾರೂ ಮುಟ್ಟಬಾರ್ದು ಕಣೆ. ಬೆವರು ಕೈ ತಾಕಿದ್ರೂ ತುಕ್ಕು ಹಿಡಿಯುತ್ತೆ" ಎಂದು ಹೇಳಿ ಸ್ನಾನಕ್ಕೆ ಹೋದ.

ಯಾರೂ ಅಂದರೆ ಹೊರಗಿನವರು ತಾನೇ? ನಮ್ಮ ಮನೆಯಿಂದ ಹೊಸ ವಸ್ತು ಯಾವುದೂ ಅರಿಶಿನ ಕುಂಕುಮವಿಲ್ಲದೆ ಹೊಸಿಲು ದಾಟಿದ್ದೇ ಇಲ್ಲ. ಸ್ಕೂಟರು, ಮಿಕ್ಸಿ, ಅವನ ಮಗಳ ಮಾರ್ಕ್ಸ್ ಕಾರ್ಡು, ಎಲ್ಲಕ್ಕೂ ಹಚ್ಚಿದ್ದೇವೆ. ನನ್ನ ಪಾಸ್‌ಪೋರ್ಟಿನ ಹಿಂಬದಿಗೂ ಒಂದು ಚುಕ್ಕೆ ಇದೆ. ಆರು ಜನರ ಅನ್ನ ಹೊತ್ತು ಸಮುದ್ರ ದಾಟುವ ವಸ್ತುವನ್ನು ಬರಿ ಮೈಯಲ್ಲಿ ಕಳಿಸುವುದೇ? ದೇವರ ಮನೆಗೆ ತೆಗೆದುಕೊಂಡು ಹೋಗಿ ಕವರು ಬಿಚ್ಚಿ, ಉಂಗುರದ ಬೆರಳು ಒದ್ದೆ ಮಾಡಿಕೊಂಡು ಹಚ್ಚಿದೆ. ಒಂದಕ್ಕೆ ಮಾತ್ರ. ಅಷ್ಟು ವಿವೇಕ ನನಗೂ ಇದೆ. ಆಮೇಲೆ ಬೊಟ್ಟು ಕಾಣಬಾರದೆಂದು ಸೆರಗಿನಿಂದ ಹೊರಮೈ ಒರೆಸಿ, ಗಂಗಣ್ಣ ಸುತ್ತಿದ್ದ ಹಾಗೆಯೇ ಸುತ್ತಿಟ್ಟೆ. ರುದ್ರೇಶ ತಲೆ ಒರೆಸಿಕೊಂಡು ಹೊರಬಂದಾಗ ನಾನು ಚಟ್ನಿಪುಡಿಯ ಡಬ್ಬಿಗೆ ಮುಚ್ಚಳ ಬಿಗಿಯುತ್ತಿದ್ದೆ.

ಮೋಡದ ಮೇಲೆ

ನನಗೆ ಕಿಟಕಿ ಸಿಕ್ಕಿತು. ತಮ್ಮನಿಗೆ ಮಧ್ಯದ ಸೀಟು. ದೇವರಿದ್ದಾನೆ.

ದಾರಿಯುದ್ದಕ್ಕೂ ಅವನಿಗೆ ನನ್ನ ವೃತ್ತಗಳ ಪಾಠ ಮಾಡಿದೆ. ಪಾಪ, ಓಡಿಹೋಗಲು ಜಾಗವಿರಲಿಲ್ಲ. ಟೋಕಿಯೊದೊಳಗೆ ನಮ್ಮ ಯಾವ ರಾಜ್ಯ ಇಟ್ಟರೂ ಇನ್ನೂ ಜಾಗ ಮಿಗುತ್ತದೆ ಎಂದೆ. ನಮ್ಮ ರಾಜ್ಯದ ಉತ್ಪನ್ನದಲ್ಲಿ ಬೆಂಗಳೂರಿನದೇ ಸಿಂಹಪಾಲು, ಬೆಂಗಳೂರನ್ನು ಕಿತ್ತು ಬೇರೆ ಇಟ್ಟರೆ ಅದೇ ಒಂದು ರಾಜ್ಯವಾದೀತು ಎಂದೆ. ಅವನು ಕಡಲೆಬೀಜದ ಪೊಟ್ಟಣ ಹರಿಯಲಾರದೆ ಹಲ್ಲಿನಲ್ಲಿ ಕಚ್ಚುತ್ತಾ ಕೇಳಿಸಿಕೊಂಡ.

"ಅಕ್ಕಾ, ಬೆಂಗಳೂರು ಅಂದ್ರೆ ನಿನ್ನ ಲೆಕ್ಕದಲ್ಲಿ ಯಾವ್ದು? ಆ ಕಡೆ ಗಾಜಿನ ಬಿಲ್ಡಿಂಗಾ? ನಮ್ಮ ಕಾಮಾಕ್ಷಿಪಾಳ್ಯ, ರಾಜಾಜಿನಗರದ ಶೆಡ್ಡುಗಳು ಅದ್ರಲ್ಲಿ ಇದಾವಾ?"

"ಇರುತ್ತೆ ಕಣೋ, ದಶಾಂಶದ ಆಚೆ ಎಲ್ಲೋ."

ತಮಾಷೆಗೆ ಅಂದದ್ದು. ಅವನು ನಗಲಿಲ್ಲ. ಶರಟಿನ ಒಳಜೇಬಿನಲ್ಲಿದ್ದ ಪ್ಯಾಕೆಟ್ಟನ್ನು ಹೊರಗಿನಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡು ಕಣ್ಣು ಮುಚ್ಚಿದ.

ಟೋಕಿಯೊ, ಮೊದಲ ದಿನ

ಟ್ಯಾಕ್ಸಿಯ ಬಾಗಿಲು ತಾನಾಗಿಯೇ ತೆರೆಯಿತು. ತನ್ನ ಮೊಣಕೈ ತಾಗಿ ಏನೋ ಮುರಿಯಿತೆಂದು ರುದ್ರೇಶ "ಸಾರಿ ಸಾರ್, ಸಾರಿ ಸಾರ್" ಎಂದು ಬಗ್ಗಿದ. ಚಾಲಕ, ಬಿಳಿ ಕೈಗವಸಿನ ಅಜ್ಜ, ತಾನೂ ಬಗ್ಗಿದ. ಇವನು ಮತ್ತೆ ಬಗ್ಗಿದ. ನಾನು ಇಬ್ಬರನ್ನೂ ಬಿಟ್ಟು ಒಳಗೆ ಹೋಗಿ ಕುಳಿತೆ.

ರೈಲಿನಲ್ಲಿ ಅಷ್ಟು ಜನ, ಒಂದು ಪಿಟಕ್ ಸದ್ದಿಲ್ಲ. ನಮ್ಮ ಮೆಟ್ರೋದಲ್ಲಿ ವಿಜಯನಗರದಿಂದ ಮೆಜೆಸ್ಟಿಕ್ ಸೇರುವಷ್ಟರಲ್ಲಿ ಒಂದು ಮದುವೆ ಮಾತುಕತೆ, ಒಂದು ಸೈಟಿನ ವ್ಯಾಪಾರ, ಎರಡು ಸೀರಿಯಲ್ಲಿನ ಕತೆ ಪುಕ್ಕಟೆ ಕಿವಿಗೆ ಬೀಳುತ್ತವೆ. ಇಲ್ಲಿ ಎಲ್ಲರೂ ಪರೀಕ್ಷೆ ಬರೆಯಲು ಹೊರಟ ಮುಖ. ಆ ಮೌನದ ನಡುವೆ ನನ್ನ ತಮ್ಮನ ಫೋನು ಬಡಿದುಕೊಂಡಿತು. "ಹಲೋ ಗಂಗಣ್ಣಾ! ಹೂಂ, ಬಂದ್ವಿ! ಪೀಸ್ ಸೇಫಾಗಿದೆ! ಊಟ ಆಯ್ತಾ?" ಇಡೀ ಬೋಗಿ ಒಮ್ಮೆ ತಲೆಯೆತ್ತಿ, ನೋಡಿದ್ದೇ ತಪ್ಪೇನೋ ಎಂಬಂತೆ ತಲೆ ತಗ್ಗಿಸಿತು. ಯಾರೂ ಒಂದು ಮಾತು ಅನ್ನಲಿಲ್ಲ. ಅದೇ ನಾಚಿಕೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಸಂಜೆಗೆ ಮುಂಚೆ ಎತ್ತರದ ಕಟ್ಟಡವೊಂದರ ಮೇಲಿನ ಮಹಡಿಗೆ ಹೋದೆವು. ಗಾಜಿನಾಚೆ ಊರು, ಊರಿನಾಚೆಯೂ ಊರು. ಮುಗಿಯುವ ಜಾಗವೇ ಇಲ್ಲ. ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ಕಣ್ಣೆದುರು ಮಲಗಿತ್ತು, ನನಗೆ ನಿಜವಾಗಿಯೂ ಕಣ್ಣು ತುಂಬಿತು. ಮೇಡಂ ಬುದ್ಧಿ ಎಲ್ಲಿ ಹೋಗುತ್ತೆ? "ನೋಡೋ, ಇಲ್ಲಿಂದ ಆ ಹೊಳೆ ತನಕ ಒಂದು ರಾಜ್ಯ ಅಂದ್ಕೋ. ಹೊಳೆ ಆಚೆಯಿಂದ ಆ ಕೆಂಪು ಗೋಪುರದ ತನಕ ಇನ್ನೊಂದು" ಎಂದು ಬೆರಳು ಮಾಡಿ ಹಂಚತೊಡಗಿದೆ.

"ನಮ್ಮ ರಾಜ್ಯ ಯಾವ ಬಿಲ್ಡಿಂಗ್ ತನಕ ಅಕ್ಕಾ?"

"ಸುಮ್ನಿರೋ."

"ಅಲ್ಲ, ಅಷ್ಟು ದೊಡ್ಡೂರು ಅಂತೀಯ. ಇಷ್ಟು ಸಣ್ಣ ಬುಷ್ಷಿಗೆ ನಮ್ಮ ಸಂದಿಗೆ ಯಾಕೆ ಬಂದ್ರು ಇವ್ರು?"

ಕೂಲಿ ಕಡಿಮೆ ಎಂದೆ. ಪುಸ್ತಕದಲ್ಲಿ ಹಾಗೆಯೇ ಇದೆ.

ಓಟಾ, ಎರಡನೆಯ ದಿನ

ಓಟಾ ಟೋಕಿಯೊದ ದಕ್ಷಿಣದ ಒಂದು ಭಾಗ, ಸಣ್ಣ ಕಾರ್ಖಾನೆಗಳ ಬೀಡು. ಸ್ಟೇಷನ್ನಿನಲ್ಲಿ ಇಳಿದವಳೇ ಒಂದು ಬಾಳೆಹಣ್ಣು ತಿಂದೆ. ಆಮೇಲೆ ಸಿಪ್ಪೆ ಹಾಕಲು ಡಬ್ಬಿ ಹುಡುಕಿದೆ ನೋಡಿ. ಇಲ್ಲ. ಬೀದಿ ಮುಗಿಯಿತು, ಇನ್ನೊಂದು ಬೀದಿ ಬಂತು, ಇಲ್ಲವೇ ಇಲ್ಲ. ಕಸದ ಡಬ್ಬಿಯೂ ಇಲ್ಲ, ಕಸವೂ ಇಲ್ಲ. ನಮ್ಮಲ್ಲಿ ಎರಡೂ ಧಾರಾಳ. ಕೊನೆಗೆ ಕಾಗದ ಸುತ್ತಿ ವ್ಯಾನಿಟಿ ಬ್ಯಾಗಿಗೆ ತುರುಕಿದೆ. ಅಡ್ರೆಸ್ ಚೀಟಿ ತೋರಿಸಿದ ಒಬ್ಬ ಹೆಂಗಸು, ಕೈಯಲ್ಲಿ ತರಕಾರಿ ಚೀಲ ಹಿಡಿದವಳು, ದಾರಿ ಹೇಳುವ ಬದಲು ಬಾಗಿಲ ತನಕ ಬಂದು ಬಿಟ್ಟು, ಬಂದ ದಾರಿಯಲ್ಲೇ ವಾಪಸು ಹೋದಳು.

ಓನೋ ಅವರ ಶೆಡ್ಡಿನ ಬಾಗಿಲು ಸರಿದದ್ದೇ ರುದ್ರೇಶ ಮೂಗರಳಿಸಿದ. "ಅಕ್ಕಾ, ನಮ್ ವಾಸ್ನೆ!" ಎಂದ. ಕಟಿಂಗ್ ಎಣ್ಣೆ, ಬಿಸಿ ಉಕ್ಕು, ಹಳೆ ಬನಿಯನ್ ಬಟ್ಟೆ. ಕಾಮಾಕ್ಷಿಪಾಳ್ಯವೇ ಸರಿ, ನೆಲದ ಮೇಲೆ ಕೂತು ಊಟ ಮಾಡುವಷ್ಟು ಚೊಕ್ಕಟ ಅಷ್ಟೆ. ಓನೋ ಎಪ್ಪತ್ತು ದಾಟಿದ ಸಣ್ಣ ಆಳು. ಮಾತಿಗೆ ಅವರ ಮೊಮ್ಮಗಳು ಮಿಕಾ ಇದ್ದಳು. ಬ್ಯಾಂಕಿನ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಬಂದಿದ್ದಳಂತೆ. ತಾತ ಜಪಾನಿಯಲ್ಲಿ ಅಂದದ್ದನ್ನು ಅವಳು ಇಂಗ್ಲಿಷಿಗೆ, ನಾನು ಕನ್ನಡಕ್ಕೆ. ಒಂದು ಮಾತು ದಡ ಸೇರಲು ಎರಡು ದೋಣಿ ಬೇಕಾಗುತ್ತಿತ್ತು.

ನಾನು ಸುಮ್ಮನಿರಲಾರದೆ ಟೋಕಿಯೊದ ಉತ್ಪನ್ನ ಹೊಗಳಿದೆ. ನಮ್ಮ ರಾಜ್ಯಗಳು ಇದರೊಳಗೆ ಮುಳುಗಿಹೋಗುತ್ತವೆ ಎಂದೆ. ಮುದುಕರು ಕಿಟಕಿಯ ಹೊರಗೆ ಕೈ ತೋರಿಸಿದರು. ಮಿಕಾ ಹೇಳಿದಳು: "ತಾತ ಮದುವೆಯಾದಾಗ ಈ ಬೀದಿಯಲ್ಲಿ ಮನೆಗೊಂದು ಲೇತ್ ಇತ್ತಂತೆ. ಈಗ ಅದು ಪಾರ್ಕಿಂಗ್, ಅದು ಅಪಾರ್ಟ್‌ಮೆಂಟ್. ಈ ಬುಷ್ ಮಾಡುತ್ತಿದ್ದವರು ತಾತ ಒಬ್ಬರೇ."

ಓನೋ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅವರು ಅದನ್ನು ಅಡಗಿಸಲಿಲ್ಲ.

ರುದ್ರೇಶನ ನಿನ್ನೆಯ ಪ್ರಶ್ನೆಗೆ ಉತ್ತರ ಅದಾಗಿತ್ತು. ಅಷ್ಟು ದೊಡ್ಡ ವೃತ್ತದಲ್ಲಿ ಹುಡುಕಿ ಹುಡುಕಿ, ಈ ಬುಷ್ಷು ಮಾಡುವ ಕೈ ಸಿಗದೆ ಅವರು ನಮ್ಮ ಸಂದಿಗೆ ಬಂದಿದ್ದರು. ನಾನು ಕಲಿಸಿದ ಯಾವ ಪಾಠದಲ್ಲೂ ಇದು ಇರಲಿಲ್ಲ.

ಪರೀಕ್ಷೆ

ಓನೋ ಪ್ಯಾಕೆಟ್ ಬಿಚ್ಚಿದರು. ರುದ್ರೇಶನ ಕೈ ಬೆನ್ನ ಹಿಂದೆ ಹೋಯಿತು. ಶಾಲೆಯಲ್ಲಿ ಮೇಷ್ಟ್ರ ಎದುರು ನಿಲ್ಲುತ್ತಿದ್ದದ್ದೂ ಹೀಗೆಯೇ. ಓನೋ ತೂತಿನ ಅಳತೆ ನೋಡುವ ಗೇಜು ಕೈಗೆತ್ತಿಕೊಂಡರು, ನುಣ್ಣನೆಯ ಉಕ್ಕಿನ ಕಡ್ಡಿ ಅದು. "ಒಂದು ತುದಿ ತೂತಿನೊಳಗೆ ಹೋಗ್ಲೇಬೇಕು, ಇನ್ನೊಂದು ತುದಿ ಹೋಗ್ಲೇಬಾರ್ದು. ಅಷ್ಟೇ ಅಕ್ಕಾ ಪಾಸು" ಎಂದು ರುದ್ರೇಶ ಪಿಸುಗುಟ್ಟಿದ.

ಮೊದಲನೆಯದು ಪಾಸು. ಎರಡು, ಮೂರು, ನಾಲ್ಕು ಪಾಸು. ಗೇಜು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹೋಗಿ ಬರುತ್ತಿತ್ತು. ಐದನೆಯದರಲ್ಲಿ ಅರ್ಧಕ್ಕೆ ನಿಂತಿತು.

ಮುದುಕರು ಒತ್ತಲಿಲ್ಲ. ಬುಷ್ಷನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಕಣ್ಣಿಗಿಟ್ಟು, ಒಳಗೆ ನೋಡಿ ಒಂದೇ ಒಂದು ಪದ ಹೇಳಿದರು. ಮಿಕಾಳ ಮುಖ ಇಳಿಯಿತು.

"ತುಕ್ಕು," ಎಂದಳು. "ಒಳಗೆ ಕೆಂಪಗಿದೆ."

ನಾನು ಅದನ್ನು ಕನ್ನಡಕ್ಕೆ ತರಬೇಕಾದ ಅಗತ್ಯವೇ ಬೀಳಲಿಲ್ಲ. ರುದ್ರೇಶ ಬಿಳಿಚಿಕೊಂಡಿದ್ದ. ಓನೋ ಐದನ್ನೂ ಕಾಗದದಲ್ಲಿ ನಿಧಾನವಾಗಿ ಸುತ್ತಿಟ್ಟು ಬಗ್ಗಿ ನಮಸ್ಕರಿಸಿದರು. ಹಡಗಿನಲ್ಲಿ ವಾರಗಟ್ಟಲೆ ಬರುವ ಸಾಮಾನು, ಐದರಲ್ಲಿ ಒಂದಕ್ಕೆ ಈಗಲೇ ತುಕ್ಕು ಹಿಡಿದಿದ್ದರೆ ಹೇಗೆ ಎಂದು ತಾತ ಕೇಳುತ್ತಿದ್ದಾರೆ, ದಯವಿಟ್ಟು ಟೀ ಕುಡಿದು ಹೋಗಿ ಎಂದಳು ಮಿಕಾ. ಇಲ್ಲ ಅನ್ನುವುದನ್ನು ಇಷ್ಟು ಮೃದುವಾಗಿಯೂ ಹೇಳಬಹುದು ಎಂದು ಆಗ ತಿಳಿಯಿತು.

"ಗಂಗಣ್ಣ ಎಣ್ಣೆ ಸರಿಯಾಗಿ ಹಚ್ಚಿಲ್ಲ ಅಕ್ಕಾ," ಎಂದ ತಮ್ಮ. "ಅವ್ರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿತ್ತು ನಂಗೆ. ಪಾಪ ಅಂತ ಇಟ್ಕೊಂಡೆ. ಇನ್ನು ಆಗಲ್ಲ ಬಿಡು. ಊರಿಗೆ ಹೋದ್ಮೇಲೆ ಹೇಳ್ಬಿಡ್ತೀನಿ."

ತುಕ್ಕಲ್ಲ ಅದು, ನನಗೆ ಗೊತ್ತು. ಇಡೀ ಟೋಕಿಯೊದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಗಂಗಣ್ಣನ ಕೆಲಸ ಹೋಗುತ್ತಿತ್ತು. ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ನಾನು ಸುಮ್ಮನಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಈಗಲೂ ಚುಚ್ಚುತ್ತದೆ.

"ಗಂಗಣ್ಣ ಅಲ್ಲ ಕಣೋ. ನಾನು."

"ಏನು ನೀನು?"

"ಪೂಜೆ ಮಾಡ್ದೆ. ನೀನು ಸ್ನಾನಕ್ಕೆ ಹೋದಾಗ. ಅದು ಕುಂಕುಮ. ಹಚ್ಚುವಾಗ ತೂತಿನೊಳಗೂ ಇಳಿದಿರ್ಬೇಕು."

ಅವನು ಎದ್ದು ನಿಂತ. "ಅಕ್ಕಾ! ಮುಟ್ಟಬೇಡ ಅಂದಿದ್ನಲ್ಲೇ! ಮಕ್ಕಳಿಗೆ ಹೇಳೋ ಹಾಗೆ ಹೇಳಿದ್ನಲ್ಲೇ! ಆರು ಮನೆ ಕಣೇ ಅದು!" ಎಂದು ಕೂಗಿದ. ನನಗೆ ಅವನು ಈ ಜನ್ಮದಲ್ಲಿ ಹಾಗೆ ಕೂಗಿದ್ದಿಲ್ಲ. ಪಕ್ಕದ ಮನೆಯ ಕಿಟಕಿಯೊಂದು ಮೆಲ್ಲಗೆ ಮುಚ್ಚಿಕೊಂಡಿತು.

ಮಿಕಾಳಿಗೆ ಹೇಗೆ ಹೇಳುವುದು? ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಬ್ಯಾಗಿಗೆ ಕೈ ಹಾಕಿದೆ. ಮೊದಲು ಬಂದದ್ದು ಬಾಳೆಹಣ್ಣಿನ ಸಿಪ್ಪೆ. ಫಳಫಳ ಹೊಳೆಯುವ ಅವರ ಮೇಜಿನ ಮೇಲೆ ಅದು ಬಿಚ್ಚಿಕೊಂಡು ಬಿತ್ತು. ಓನೋ ಅದನ್ನು ನೋಡಿದರು, ನನ್ನನ್ನು ನೋಡಿದರು. ಎರಡನೆಯ ಸಲಕ್ಕೆ ಕುಂಕುಮದ ಪೊಟ್ಟಣ ಸಿಕ್ಕಿತು. ಬಿಚ್ಚಿ, ಬೆರಳು ಅದ್ದಿ, ನನ್ನ ಹಣೆಗೆ ಇಟ್ಟುಕೊಂಡೆ. ಆಮೇಲೆ ಬುಷ್ಷಿನ ಕಡೆ ಬೆರಳು ತೋರಿಸಿ, ಕೈ ಮುಗಿದು, ನನ್ನ ಎದೆ ತಟ್ಟಿಕೊಂಡೆ. ಮೂಕಾಭಿನಯ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನವೂ ಬರಲಾರದ ಅಭಿನಯ.

ಮುದುಕರು ಬಹಳ ಹೊತ್ತು ನನ್ನ ಹಣೆ ನೋಡಿದರು. ಐದನೆಯ ಬುಷ್ಷನ್ನು ಮತ್ತೆ ಹೊರತೆಗೆದು, ಸಣ್ಣ ಬ್ರಷ್ಷಿಗೆ ಏನೋ ದ್ರವ ಅದ್ದಿ, ಒಳಗೆ ತಿರುಗಿಸಿ ತಿರುಗಿಸಿ ಉಜ್ಜಿದರು. ಬಿಳಿ ಬಟ್ಟೆಗೆ ಕೆಂಪು ಹತ್ತಿತು. ಮತ್ತೆ ಗೇಜು ಹಿಡಿದರು. ರುದ್ರೇಶ ಕಣ್ಣು ಮುಚ್ಚಿಕೊಂಡ.

ಒಂದು ತುದಿ ಹೋಯಿತು. ಇನ್ನೊಂದು ತುದಿ ಹೋಗಲಿಲ್ಲ.

ಓನೋ ನನ್ನ ಕಡೆ ತಿರುಗಿ ನಿಧಾನವಾಗಿ ಏನೋ ಹೇಳಿದರು. ಬೈಗುಳವೆಂದುಕೊಂಡೆ. ಮಿಕಾ ಹೇಳಿದಳು: "ಮೆಷಿನ್ನಿಗೆ ಏನು ಬೇಕಾದರೂ ಹಚ್ಚಿ ಅಮ್ಮಾ, ಪೀಸಿಗೆ ಬೇಡ. ಪೀಸು ಬೇರೆಯವರ ಮನೆಗೆ ಹೋಗುವಂಥದ್ದು. ಅದರ ಮೇಲೆ ನಮ್ಮದೇನೂ ಇರಬಾರದು, ಅಂತಾರೆ ತಾತ."

ಆಮೇಲೆ ಅವರು ಡ್ರಾಯರಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಐದು ಬುಷ್ಷು. ಕೈ ನಡುಗುವ ಮುಂಚೆ ಅವರೇ ಕೊನೆಗೆ ಮಾಡಿದ್ದಂತೆ. ಅವರ ಐದನ್ನೂ ನಮ್ಮ ಐದನ್ನೂ ಮೇಜಿನ ಮೇಲೆ ಸುರುವಿ, ಚೌಕಾಬಾರದ ಕವಡೆಯ ಹಾಗೆ ಕಲೆಸಿ, ರುದ್ರೇಶನಿಗೆ ಸನ್ನೆ ಮಾಡಿದರು. ನಿನ್ನದು ಆರಿಸು.

ರುದ್ರೇಶ ಒಂದೊಂದನ್ನೇ ಎತ್ತಿದ, ಉಗುರಾಡಿಸಿದ, ಬೆಳಕಿಗೆ ಹಿಡಿದ. ಎರಡು ಆರಿಸಿದ, ಒಂದನ್ನು ವಾಪಸಿಟ್ಟ. ಕೊನೆಗೆ ತಲೆ ಅಲ್ಲಾಡಿಸಿದ. ಓನೋ ತಾವೇ ಕೂತರು. ಭೂತಗನ್ನಡಿ ಇಟ್ಟು ನೋಡಿದರು, ಕಣ್ಣು ಮುಚ್ಚಿ ಬೆರಳಲ್ಲಿ ಸವರಿದರು. ಅವರೂ ತಲೆ ಅಲ್ಲಾಡಿಸಿದರು. ಇಬ್ಬರೂ ಹತ್ತು ಬುಷ್ಷುಗಳ ಮೇಲೆ ಬಗ್ಗಿ ಕುಳಿತಿದ್ದರು. ಇಡೀ ಆಯುಷ್ಯ ಊರಿಗೂ ರಾಜ್ಯಕ್ಕೂ ಹೋಲಿಕೆ ಮಾಡಿದ ನಾನು ಅಷ್ಟು ನಿಖರವಾದ ಹೋಲಿಕೆಯನ್ನು ಎಂದೂ ನೋಡಿರಲಿಲ್ಲ.

ನನಗೆ ಮಾತ್ರ ಒಂದು ಕಂಡಿತು. ಎಡಗಡೆಯಿಂದ ಮೂರನೆಯದು. ಹೊರಗಿನ ಗ್ರೂವಿನ ಮೂಲೆಯಲ್ಲಿ, ನನ್ನ ಸೆರಗಿಗೂ ಅವರ ಬ್ರಷ್ಷಿಗೂ ಸಿಗದೆ, ಕೂದಲೆಳೆಯಷ್ಟು ಕೆಂಪು ಉಳಿದಿತ್ತು.

"ಇದು ನಮ್ದು," ಎಂದೆ, ಅಂಜುತ್ತಲೇ.

ಓನೋ ಭೂತಗನ್ನಡಿ ಇಟ್ಟು ನೋಡಿದರು. ನೋಡಿ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. ರುದ್ರೇಶನೂ ಏನು ಮಾಡಬೇಕೆಂದು ತಿಳಿಯದೆ ನಕ್ಕ. ಆ ಒಂದನ್ನು ಮುದುಕರು ತಮ್ಮ ಡಬ್ಬಿಗೆ ಹಾಕಿಕೊಂಡು, ಮೊಮ್ಮಗಳ ಕಡೆ ತಿರುಗಿ ಒಂದು ಮಾತು ಹೇಳಿದರು.

"ಮೊದಲಿಗೆ ಐನೂರು ಕಳಿಸಿ," ಎಂದಳು ಮಿಕಾ. "ಕೆಂಪು ಇಲ್ಲದೆ."

ವಾಪಸು ರೈಲಿನಲ್ಲಿ

ಮೂರು ಸ್ಟೇಷನ್ ದಾಟುವ ತನಕ ರುದ್ರೇಶ ನನ್ನ ಕಡೆ ಬೆನ್ನು ಮಾಡಿ ಬಾಗಿಲ ಮೇಲಿನ ನಕ್ಷೆ ನೋಡುತ್ತಿದ್ದ. ಸಿಪ್ಪೆ ಮತ್ತೆ ನನ್ನ ಬ್ಯಾಗಿನಲ್ಲೇ ಇತ್ತು. ನಾಲ್ಕನೆಯ ಸ್ಟೇಷನ್ ಬಂದಾಗ, ಸುತ್ತಲಿನವರಿಗೆ ಕೇಳಿಸದ ಹಾಗೆ ಕಿವಿಯ ಹತ್ತಿರ ಬಗ್ಗಿದ.

"ಟೋಕಿಯೊ ಮೇಡಂ, ಈಗ ಹೇಳು. ಇವ್ರ ಲೆಕ್ಕದೊಳಗೆ ನಾವು ಎಷ್ಟು?"

ದಶಾಂಶದ ಮಾತನ್ನು ಅವನು ಮರೆತಿರಲಿಲ್ಲ.

"ಹತ್ತರಲ್ಲಿ ಐದು ಕಣೋ," ಎಂದೆ.

ಅವನು ಕಿಟಕಿಯ ಕಡೆ ತಿರುಗಿದ. ಕೆನ್ನೆ ನಗುವಿಗೆ ಸ್ವಲ್ಪ ಉಬ್ಬಿದ್ದು ನನಗೆ ಕಂಡಿತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಗಂಗಣ್ಣನದು. ಈ ಸಲ ಅವನು ಎತ್ತಲಿಲ್ಲ. ಇಳಿಯುವ ಸ್ಟೇಷನ್ ಬರುವ ತನಕ ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದು, ಅಪ್ಪಟ ಜಪಾನಿಯ ಹಾಗೆ ಕುಳಿತಿದ್ದ. ಪ್ಲಾಟ್‌ಫಾರಮ್ಮಿಗೆ ಕಾಲಿಟ್ಟವನೇ ಕಂಬದ ಮರೆಗೆ ಹೋಗಿ ತಾನೇ ಫೋನು ಹಚ್ಚಿದ.

"ಗಂಗಣ್ಣಾ, ಎರಡೂ ಲೇತಿನ ಪ್ಲಾಸ್ಟಿಕ್ ತೆಗೀರಿ... ಹೂಂ, ಎರಡರದ್ದೂ. ಎಣ್ಣೆ ಹಾಕಿ ಒಂದ್ಸಲ ಓಡಿಸಿ ನೋಡಿ." ಮೂಗು ಒರೆಸಿಕೊಂಡ. "ಪ್ಯಾಕಿಂಗ್ ನೀವೇ ಮಾಡ್ಬೇಕು, ನಿಮ್ ಕೈದು ಏನೂ ತಪ್ಪಿಲ್ಲ... ಮತ್ತೆ ಇನ್ನೊಂದು. ಪೂಜೆ ಗೀಜೆ ಅಂತ ಯಾರೇ ಬಂದ್ರೂ ಪೀಸ್ ಹತ್ರ ಬಿಡಬೇಡಿ." ಆ ಕಡೆಯಿಂದ ಗಂಗಣ್ಣ ಏನೋ ಕೇಳಿದರು. ರುದ್ರೇಶ ನನ್ನ ಹಣೆಯ ಕುಂಕುಮವನ್ನೇ ನೋಡುತ್ತಾ ಹೇಳಿದ.

"ಹೂಂ ಗಂಗಣ್ಣಾ. ಅಕ್ಕನ್ನೂ."